ಸೋಲಾರ್ ಪೈಪಿನ ಕೆಳಗಿನ ಹಲಗೆ

ಮಂಡ್ಯದ ನಮ್ಮ ಮನೆ ತಾರಸಿಗೆ ಎರಡು ವರ್ಷದ ಹಿಂದೆ ಡಬ್ಲ್ಯೂಪಿಸಿ ಹಲಗೆ ಹಾಕಿಸಿದೆ. ಹೆಚ್ಚುಕಮ್ಮಿ ಅರ್ಧ ಮರದ ಪುಡಿ, ಅರ್ಧ ಪ್ಲಾಸ್ಟಿಕ್. "ನೀರು ಹಿಡಿಯೋದೇ ಇಲ್ಲ ಸಾರ್" ಅಂದಿದ್ದರು ಅಂಗಡಿಯವರು. ಈಗ ಒಂದು ಹಲಗೆಯ ತುದಿ ನೆನೆದ ಬ್ರೆಡ್ಡಿನ ಹಾಗೆ ಊದಿಕೊಂಡಿದೆ.

ತಾರಸಿಯಲ್ಲಿ ಸೋರುವ ಜಾಗ ಎರಡು. ಒಂದು ಕಡೆ ಟ್ಯಾಂಕು ತುಂಬಿ ಹರಿಯುತ್ತೆ. ಇನ್ನೊಂದು ಕಡೆ ಸೋಲಾರಿನ ಬಿಸಿನೀರಿನ ಪೈಪು ತೊಟ್ಟಿಕ್ಕುತ್ತೆ. ಟ್ಯಾಂಕಿನ ಕೆಳಗಿನ ಹಲಗೆ ನೆಟ್ಟಗಿದೆ. ಊದಿದ್ದು ಸೋಲಾರಿನ ಕೆಳಗಿನದು.

ತಲೆ ಕೆಟ್ಟು, ಉಳಿದಿದ್ದ ತುಂಡಿನಿಂದ ಬೆಂಕಿಪೊಟ್ಟಣದಷ್ಟು ಎರಡು ಚೂರು ಕೊಯ್ದೆ. ಉಪ್ಪುಕಾಗದದಲ್ಲಿ ಉಜ್ಜಿ ಎರಡನ್ನೂ 30.2 ಗ್ರಾಂಗೆ ತಂದೆ. ಒಂದು ಲೋಟದ ತಣ್ಣೀರಿಗೆ, ಇನ್ನೊಂದು ಅಮ್ಮನ ಕಾಫಿ ಫ್ಲಾಸ್ಕಿನ ಬಿಸಿನೀರಿಗೆ. ಬೆಳಿಗ್ಗೆ ಸಂಜೆ ಬಿಸಿನೀರು ಬದಲಿಸಿದೆ. ತೂಕ ಪಕ್ಕದ ಬೀದಿಯ ಆಚಾರ್ರ ಚಿನ್ನದ ತಕ್ಕಡಿಯಲ್ಲಿ. "ಇದಕ್ಕೆ ಎಷ್ಟು ಕ್ಯಾರೆಟ್ಟು?" ಅಂದರು. ಮೂರು ದಿನಕ್ಕೆ ತಣ್ಣೀರಿನದು 30.7, ಬಿಸಿನೀರಿನದು 31.6!

ನೀರು ಹಿಡಿಯೋದು ಪ್ಲಾಸ್ಟಿಕ್ ಅಲ್ಲ, ಅದರೊಳಗಿನ ಮರದ ಪುಡಿ. ಒಂದು ಕಣದಿಂದ ಪಕ್ಕದ ಕಣಕ್ಕೆ ನೀರು ಮೆಲ್ಲಗೆ ದಾಟುತ್ತೆ. ಬಿಸಿ ಜಾಸ್ತಿಯಾದರೆ ನೀರಿನ ಅಣುಗಳ ಓಡಾಟ ಜೋರಾಗುತ್ತೆ, ಪ್ಲಾಸ್ಟಿಕ್ಕೂ ಸ್ವಲ್ಪ ಸಡಿಲವಾಗುತ್ತೆ. ರಾತ್ರಿ ಕಡಲೆಕಾಳು ನೆನೆಹಾಕೋದು ಮರೆತರೆ ಅಮ್ಮ ಬೆಳಿಗ್ಗೆ ಬಿಸಿನೀರು ಸುರೀತಾರಲ್ವಾ, ಹಾಗೆ. ಕಾಳು ಕುಡಿಯೋ ನೀರು ಹೆಚ್ಚುಕಮ್ಮಿ ಅಷ್ಟೇ, ಬೇಗ ಕುಡಿಯುತ್ತೆ. ನನ್ನ ತಣ್ಣೀರಿನ ಚೂರೂ ತಿಂಗಳು ಕಳೆಯುವಷ್ಟರಲ್ಲಿ 31.4ಕ್ಕೆ ಬಂತು. ಬಿಸಿನೀರಿನದು 31.8ರಲ್ಲಿ ನಿಂತಿತ್ತು.

ಆದರೆ ಕಡಲೆಗೂ ಹಲಗೆಗೂ ಒಂದು ವ್ಯತ್ಯಾಸ ಇದೆ. ಮರದ ಕಣ ಊದಿದಾಗ ಸುತ್ತಲಿನ ಪ್ಲಾಸ್ಟಿಕ್ಕಿನಿಂದ ಬಿಟ್ಟುಕೊಳ್ಳುತ್ತೆ. ಆ ಸಂದಿಗೂ ನೀರು ನುಗ್ಗುತ್ತೆ. ಬಿಸಿನೀರಿನ ಚೂರನ್ನು ಬಿಸಿಲಲ್ಲಿ ಒಣಗಿಸಿದೆ. ತೂಕ ಇಳೀತು, ದಪ್ಪ ಪೂರ್ತಿ ಇಳಿಯಲಿಲ್ಲ. ಅಂಚಲ್ಲಿ ಕೂದಲೆಳೆಯ ಬಿರುಕು.

ಅಂಗಡಿಯ ಕರಪತ್ರ ತೆಗೆದು ನೋಡಿದೆ: ನೀರು ಹೀರುವಿಕೆ 1 ಪರ್ಸೆಂಟಿಗಿಂತ ಕಡಿಮೆ. ಸಾಮಾನ್ಯವಾಗಿ ಆ ಪರೀಕ್ಷೆ 23 ಡಿಗ್ರಿ ನೀರಲ್ಲಿ, 24 ಗಂಟೆ. ಅಂದರೆ ಸುಳ್ಳೇನಲ್ಲ. ಆದರೆ ನಮ್ಮ ಸೋಲಾರಿನ ನೀರು ಮಧ್ಯಾಹ್ನ ಕೈ ಇಟ್ಟರೆ ಸುಡುತ್ತೆ!

ಊದಿದ್ದು ಬಡಗಿ ಗರಗಸದಲ್ಲಿ ಕೊಯ್ದ ತುದಿಯೇ. ಫ್ಯಾಕ್ಟರಿಯಿಂದ ಬಂದ ಮೇಲ್ಮೈಯಲ್ಲಿ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತೆ, ಕೊಯ್ದ ಕಡೆ ಮರದ ಪುಡಿ ಬಾಯ್ಬಿಟ್ಟುಕೊಂಡಿರುತ್ತೆ. ಹೊಸ ಹಲಗೆ ಹಾಕಿ ತುದಿಗೆ ಸಿಲಿಕೋನ್ ಬಳಿಸಿದೆ. ಪ್ಲಂಬರ್ ಬಂದು ಪೈಪಿನ ಜಾಯಿಂಟು ಬಿಗಿಮಾಡಿ ಹೋದ. ಅಮ್ಮ ಆ ಫ್ಲಾಸ್ಕಲ್ಲಿ ಕಾಫಿ ಹಾಕಲ್ಲ ಅಂತಾರೆ, ಹೊಸದು ತಂದಿದ್ದೀನಿ.