ಚಳಿಗೆ ಎರಡು ಕಾಲಂ ಯಾಕೆ? ಶೆಲ್ ಸಿಮ್ಯುಲೇಟರ್ ಅಪ್ಡೇಟ್

ಫಿರಂಗಿ ಗುಂಡು (ಶೆಲ್) ಎಷ್ಟು ದೂರ ಹೋಗುತ್ತೆ ಅಂತ ಲೆಕ್ಕ ಹಾಕೋ ಸಿಮ್ಯುಲೇಟರ್ ಬರೀತಿದ್ದೆನಲ್ಲ, ಅದರಲ್ಲಿ ಕಾಡ್ತಿದ್ದ ಪ್ರಶ್ನೆಗೆ ಅಂತೂ ಉತ್ತರ ಸಿಕ್ತು ಮಾರಾಯ್ರೆ! ಯಾವ ಹವೆಗೆ ಗುರಿ ಎಷ್ಟು ತಿದ್ದಬೇಕು ಅಂತ ಹೇಳೋ ಫಿರಂಗಿಯ ಫೈರಿಂಗ್ ಟೇಬಲ್‌ನಲ್ಲಿ ಗಾಳಿಯ ಡೆನ್ಸಿಟಿಗೆ ಒಂದು ಕಾಲಂ, ಟೆಂಪರೇಚರ್‌ಗೆ ಇನ್ನೊಂದು ಕಾಲಂ ಇರುತ್ತಲ್ಲ, ಚಳಿ ಆದ್ರೆ ಡೆನ್ಸಿಟಿ ಹೆಂಗೂ ಏರುತ್ತೆ, ಮತ್ತೆ ಯಾಕೆ ಎರಡು ಸಲ ಲೆಕ್ಕ ಅಂತ ತಲೆ ಕೆಟ್ಟುಹೋಗಿತ್ತು.

ಪೈಥಾನ್ ಕೋಡು, ಇಂಟಿಗ್ರೇಟರು ಎಲ್ಲಾ ಮಾಮೂಲಿ, ಬಿಡಿ. 155 ಎಂಎಂ ಶೆಲ್, ತೂಕ 43 ಕೆಜಿ, ಜಾಗ 1999ರ ಕಾರ್ಗಿಲ್. ಎತ್ತರದ ಲೆಕ್ಕ ಸಲೀಸಾಗಿ ಬಂತು: ಸಮುದ್ರಮಟ್ಟದಲ್ಲಿ ಡೆನ್ಸಿಟಿ ಘನ ಮೀಟರಿಗೆ 1.225 ಕೆಜಿ, 5,000 ಮೀಟರ್‌ನಲ್ಲಿ, ಅಂದ್ರೆ ಹೆಚ್ಚುಕಮ್ಮಿ ಟೈಗರ್ ಹಿಲ್ ಎತ್ತರದಲ್ಲಿ, 0.736. ಗಾಳಿ ತೆಳು, ಬೋಫೋರ್ಸ್ ಶೆಲ್ ಇನ್ನೂ ದೂರ ಹೋಗುತ್ತೆ, ಖುಷಿ.

ಆದ್ರೆ ಡೆನ್ಸಿಟಿ ಲಾಕ್ ಮಾಡಿ ಬರೀ ಟೆಂಪರೇಚರ್ 15ರಿಂದ ಮೈನಸ್ 20ಕ್ಕೆ ಇಳಿಸಿದ್ರೂ ರೇಂಜ್ ಅಲ್ಲಾಡ್ತಿತ್ತು! ಬಗ್ ಅಂದ್ಕೊಂಡು ಕೋಡೆಲ್ಲಾ ಜಾಲಾಡಿದೆ, ಬಗ್ ಅಲ್ಲ, ಅದು ಶಬ್ದದ ವೇಗದ ಆಟ. 15 ಡಿಗ್ರಿಯಲ್ಲಿ ಸೆಕೆಂಡಿಗೆ 340 ಮೀಟರ್, ಮೈನಸ್ 20ರಲ್ಲಿ 319. ಅಂದ್ರೆ 320ರಲ್ಲಿ ಹೋಗ್ತಿರೋ ಶೆಲ್ ಬೆಚ್ಚಗಿನ ಗಾಳಿಲಿ ಮ್ಯಾಕ್ 0.94 (ಅಂದ್ರೆ ಶಬ್ದದ ವೇಗದ 0.94 ಪಾಲು), ಚಳೀಲಿ ಮ್ಯಾಕ್ 1, ಡ್ರ್ಯಾಗ್ (ಗಾಳಿಯ ತಡೆ) ಗೋಡೆ ಹತ್ತಿದಂಗೆ ಏರೋದು ಅಲ್ಲೇ. ಅದೇ ಫುಲ್ ಚಾರ್ಜ್‌ನಲ್ಲಿ, ಅಂದ್ರೆ ಪೂರ್ತಿ ಸಿಡಿಮದ್ದು ಹಾಕಿ ಹೊಡೆದಾಗ, ಶಬ್ದಕ್ಕಿಂತ ಎಷ್ಟೋ ಮುಂದೆ ಹೋಗ್ತಿರೋವಾಗ ಮ್ಯಾಕ್ ಏರಿದ್ರೆ ಡ್ರ್ಯಾಗ್ ಕೋಎಫಿಶಿಯಂಟ್ ಇಳಿಯುತ್ತೆ. ಒಂದೇ ಚಳಿ, ಒಬ್ಬನಿಗೆ ಲಾಭ ಇನ್ನೊಬ್ಬನಿಗೆ ಲಾಸು, ಅದಕ್ಕೇ ಟೆಂಪರೇಚರ್‌ಗೆ ಬೇರೆ ಕಾಲಂ. ಮದ್ದಿನ ಟೆಂಪರೇಚರ್ ಕಾಲಂ ಬೇರೆ ಇದೆ, ಅಮೆರಿಕದ ಟೇಬಲ್‌ಗಳಲ್ಲಿ 21 ಡಿಗ್ರಿ ಸ್ಟ್ಯಾಂಡರ್ಡ್, ತಣ್ಣಗಾದಷ್ಟೂ ಮದ್ದು ನಿಧಾನಕ್ಕೆ ಉರಿದು ಶೆಲ್ಲಿನ ವೇಗ ಕಡಿಮೆ.

ನಡುವೆ ಹ್ಯುಮಿಡಿಟಿಗೂ ಕೈ ಹಾಕಿದ್ದೆ. ಬಿಎಂಇ280 ಸೆನ್ಸರ್ ಆರ್ಡರ್ ಮಾಡಿದ್ರೆ ಆನ್‌ಲೈನ್ ಮಹಾಶಯ ಕಳ್ಸಿದ್ದು ಬಿಎಂಪಿ280, ಚಿಪ್ ಐಡಿ 60 ಬರೋ ಕಡೆ 58, ಹ್ಯುಮಿಡಿಟಿ ಓದೋದೇ ಇಲ್ಲ! ವಾಪಸ್ ತಗೊಳ್ಳಲ್ವಂತೆ, 'ಸೇಮ್ ಸೇಮ್ ಸರ್' ಅಂತೆ. ಆಮೇಲೆ ಲೆಕ್ಕ ಹಾಕಿದ್ರೆ 30 ಡಿಗ್ರಿಯಲ್ಲಿ ಪೂರ್ತಿ ಒಣ ಗಾಳಿಗೂ ಪೂರ್ತಿ ಒದ್ದೆ ಗಾಳಿಗೂ ಡೆನ್ಸಿಟಿ ವ್ಯತ್ಯಾಸ ಬರೀ 1.6 ಪರ್ಸೆಂಟು, ಅದೂ ಒದ್ದೆ ಗಾಳಿನೇ ಹಗುರ. ಜಗಳ ಅಲ್ಲಿಗೇ ಬಿಟ್ಟೆ.

ಮುಂದಿನದು ಟಿಪ್ಪು ಕಾಲದ ರಾಕೆಟ್. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಬಾವಿಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದ್ವಲ್ಲ, ಅವೇ. ಶೆಲ್ಲನ್ನ ಗಾಳಿ ಪಕ್ಕಕ್ಕೆ ತಳ್ಳುತ್ತೆ, ಕೋಲು ಕಟ್ಟಿದ ರಾಕೆಟ್ ಉರಿಯೋವಾಗ ಗಾಳಿಗೇ ಮೂತಿ ತಿರುಗಿಸುತ್ತೆ, ಹಾಗಾಗಿ ಈ ಕೋಡು ಅರ್ಧಕ್ಕರ್ಧ ಕಸದಬುಟ್ಟಿಗೆ. ಬಿದಿರು ಕೋಲಿನ ಉದ್ದ ಎಷ್ಟು ಇಟ್ಕೊಳ್ಳೋದು ಅಂತ ಯಾರಾದ್ರೂ ಹೇಳಿ.