ತೂಕದ ಯಂತ್ರದ ಮುಂದೆ ನಾನು ಆಡಬಾರದಿದ್ದ ಮಾತು

ಬೊಜ್ಜು ಇಳಿಸುವ ಹೊಸ ಔಷಧಗಳನ್ನು ಜನರಲ್ಲಿ ಪರೀಕ್ಷಿಸಿ ನೋಡುವ ಟ್ರಯಲ್‌ನಲ್ಲಿ ಕೋಆರ್ಡಿನೇಟರ್ ಆಗಿ ಸೇರಿದ ಹೊಸತರಲ್ಲಿ, ತೂಕ ನೋಡುವುದೇ ಎಲ್ಲಕ್ಕಿಂತ ಸುಲಭದ ಕೆಲಸ ಅಂದುಕೊಂಡಿದ್ದೆ. ಚಪ್ಪಲಿ ಬಿಡಿಸಬೇಕು, ಜೇಬು ಖಾಲಿ ಮಾಡಿಸಬೇಕು, ಮೂತ್ರಕ್ಕೆ ಹೋಗಿಬರಲು ಹೇಳಬೇಕು, ಪ್ರತಿ ಸಲವೂ ಅದೇ ಯಂತ್ರದ ಮೇಲೆ ನಿಲ್ಲಿಸಿ ಅಂಕಿ ಬರೆದುಕೊಳ್ಳಬೇಕು. ಅಷ್ಟೇ. ಇಡೀ ಟ್ರಯಲ್ ನಿಂತಿರುವುದು ಆ ಒಂದು ಅಂಕಿಯ ಮೇಲೆ ಅನ್ನುವುದು ಗೊತ್ತಿತ್ತು. ನನ್ನ ಬಾಯಿಂದಲೂ ಅದು ಕೆಡಬಹುದು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ನಮ್ಮದು ವಾರಕ್ಕೊಂದು ಇಂಜೆಕ್ಷನ್‌ನ ಟ್ರಯಲ್. ಕೆಲವರಿಗೆ ಔಷಧ, ಕೆಲವರಿಗೆ ಪ್ಲಸೀಬೊ, ಅಂದರೆ ನೋಡಲು ಹಾಗೇ ಇರುವ, ಔಷಧವಿಲ್ಲದ ಇಂಜೆಕ್ಷನ್. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಐದನೇ ತಿಂಗಳ ವಿಸಿಟ್‌ಗೆ ಬಂದ ಒಬ್ಬ ಹುಡುಗ ಯಂತ್ರದ ಮೇಲೆ ನಿಂತಾಗ, ಶುರುವಿನಿಂದ ಹನ್ನೊಂದು ಕೆಜಿ ಇಳಿದಿದ್ದು ಕಾಣಿಸಿತು. ನನಗೆ ನಿಜಕ್ಕೂ ಸಂತೋಷವಾಯಿತು. "ಹನ್ನೊಂದು ಕೆಜಿ! ಭೇಷ್, ಹೀಗೇ ಮುಂದುವರಿಸಪ್ಪ!" ಅಂದೆ, ಸ್ವಲ್ಪ ಜೋರಾಗಿಯೇ. ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನ ಮೇಲೆ, ಐವತ್ತು ದಾಟಿದ ಒಬ್ಬ ಮಹಿಳೆ ತಮ್ಮ ಸರದಿಗೆ ಕಾಯುತ್ತಿದ್ದರು.

ಅವರು ಒಳಗೆ ಬಂದರು. ಹೋದ ಸಲಕ್ಕಿಂತ ನಾನೂರು ಗ್ರಾಂ ಜಾಸ್ತಿ ಬಂತು. ನಾನು ಏನೂ ಹೇಳದೆ ಬರೆದುಕೊಂಡೆ. ಚಪ್ಪಲಿ ಹಾಕಿಕೊಳ್ಳುತ್ತಾ, ತಲೆ ಎತ್ತದೆ ಕೇಳಿದರು: "ನಂದು ಏನೂ ಇಳಿದಿಲ್ಲ ಅಲ್ವಾ ಸಿಸ್ಟರ್?" ನಾನು ನರ್ಸ್ ಅಲ್ಲ, ಆದರೆ ಇಲ್ಲಿ ಎಲ್ಲರೂ ನನ್ನನ್ನು ಸಿಸ್ಟರ್ ಅಂತಲೇ ಕರೆಯುತ್ತಾರೆ. "ಪರವಾಗಿಲ್ಲಮ್ಮ, ಮುಂದಿನ ಸಲ ಇಳಿಯುತ್ತೆ ಬಿಡಿ" ಅಂದೆ. ಸಮಾಧಾನ ಹೇಳಿದೆ ಅಂದುಕೊಂಡೆ. ಅವರ ಕಿವಿಗೆ ಅದು ಪರೀಕ್ಷೆಯಲ್ಲಿ ಫೇಲಾದ ಮಗುವಿಗೆ ಹೇಳಿದ ಹಾಗೆ ಕೇಳಿಸಿರಬೇಕು.

ಮುಂದಿನ ವಿಸಿಟ್‌ಗೆ ಅವರು ಬರಲಿಲ್ಲ. ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮೂರನೇ ಸಲ ಎತ್ತಿ, "ನನಗೆ ಕೊಡ್ತಿರೋದು ಬರೀ ನೀರು. ಆ ಹುಡುಗನಿಗೆ ನಿಜವಾದದ್ದು ಹೋಗ್ತಿದೆ. ನಾನ್ಯಾಕೆ ಬಂದು ನಿಮ್ಮ ಟೈಮ್ ಹಾಳು ಮಾಡ್ಲಿ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಆ ಮಶೀನ್ ಹತ್ತೋಕೇ ನಾಚಿಕೆ ಆಗತ್ತೆ ಸಿಸ್ಟರ್."

ಟ್ರಯಲ್‌ನಿಂದ ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಹೊರಬರುವ ಹಕ್ಕು ಅವರಿಗಿದೆ. ಕನ್ಸೆಂಟ್‌ಗೆ, ಅಂದರೆ ಒಪ್ಪಿಗೆ ಪತ್ರಕ್ಕೆ, ಸಹಿ ಹಾಕಿಸುವಾಗ ನಾನೇ ಅದನ್ನು ಓದಿ ಹೇಳಿರುತ್ತೇನೆ. ಒತ್ತಾಯ ಮಾಡುವಂತಿಲ್ಲ, ಮಾಡಲೂಬಾರದು. "ಡ್ರಾಪ್‌ಔಟ್" ಎಂದು ಬರೆಯಲು ಹೊರಟೆ. ಟ್ರಯಲ್ ನಡೆಸುವ ನಮ್ಮ ಇನ್ವೆಸ್ಟಿಗೇಟರ್ ಡಾಕ್ಟರು ತಡೆದು ಕೇಳಿದರು: "ಅವರು ಬಿಟ್ಟಿದ್ದು ಇಂಜೆಕ್ಷನ್ನಾ, ಟ್ರಯಲ್ಲಾ? ಕೇಳಿದ್ಯಾ?"

ಕೇಳಿರಲಿಲ್ಲ. ಇವೆರಡು ಬೇರೆಬೇರೆ ಎಂಬುದು ಪ್ರೊಟೊಕಾಲ್ (ಟ್ರಯಲ್ ಹೇಗೆ ನಡೆಸಬೇಕೆಂಬ ದಾಖಲೆ) ಓದುವಾಗ ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಇಂಜೆಕ್ಷನ್ ನಿಲ್ಲಿಸಿದವರೂ ವಿಸಿಟ್‌ಗೆ ಬರಬಹುದು, ತೂಕ ಕೊಡಬಹುದು. ಆ ತೂಕ ಎಷ್ಟು ಬೆಲೆಬಾಳುತ್ತದೆ ಎಂದು ತಿಳಿಯಲು ಡಾಕ್ಟರು ಹಳೆಯ ಟ್ರಯಲ್‌ಗಳ ವರದಿಗಳನ್ನು ಓದಿಸಿದರು.

ರಿಮೊನಬಾಂಟ್ ಎಂಬ ಮಾತ್ರೆ ಇತ್ತು. 2006ರಲ್ಲಿ ಪ್ರಕಟವಾದ ಅದರ ಉತ್ತರ ಅಮೆರಿಕದ ಟ್ರಯಲ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರಿದ್ದರು. ಮೊದಲ ವರ್ಷ ಮುಗಿಸಿದವರು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಆ ಕಾಲದ ಬೊಜ್ಜಿನ ಟ್ರಯಲ್‌ಗಳಲ್ಲಿ ಇದು ಅಪರೂಪವೇನೂ ಆಗಿರಲಿಲ್ಲ. ಅರ್ಧದಲ್ಲೇ ಬಿಟ್ಟವರ ಲೆಕ್ಕ ಹೇಗೆ? ಕೊನೆಯ ಸಲ ನೋಡಿದ ತೂಕವನ್ನೇ ಕೊನೆಯವರೆಗೂ ಎಳೆದುಕೊಂಡು ಹೋಗುವುದು ರೂಢಿಯಾಗಿತ್ತು. ಅಂದರೆ ಮೂರನೇ ತಿಂಗಳಲ್ಲಿ ಐದು ಕೆಜಿ ಇಳಿದು ಬಿಟ್ಟುಹೋದವರು ವರ್ಷದ ಕೊನೆಗೂ ಐದು ಕೆಜಿ ಇಳಿದವರೇ. ಮನುಷ್ಯರ ದೇಹ ಹಾಗೆ ನಡೆದುಕೊಳ್ಳುವುದಿಲ್ಲ. ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಇಂಜೆಕ್ಷನ್‌ನ ಸ್ಟೆಪ್-1 ಎಂಬ ಟ್ರಯಲ್ ಮುಗಿದಮೇಲೆ ಔಷಧ ನಿಲ್ಲಿಸಿದವರಲ್ಲಿ ಕೆಲವರನ್ನು ಇನ್ನೊಂದು ವರ್ಷ ಗಮನಿಸಿದಾಗ, ಕಳೆದುಕೊಂಡ ತೂಕದ ಮೂರನೇ ಎರಡು ಪಾಲು ವಾಪಸ್ ಬಂದಿತ್ತು.

ಅದೇ ಸ್ಟೆಪ್-1 ನೋಡಿ: 1961 ಜನ, 68 ವಾರ. ಔಷಧದವರು ಸರಾಸರಿ ಶೇ. 14.9ರಷ್ಟು ತೂಕ ಇಳಿಸಿಕೊಂಡರು, ಪ್ಲಸೀಬೊದವರು ಶೇ. 2.4. ಈ ಅಂಕಿಗಳನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಂಡಿದ್ದು ಬೇರೆ. ಕೊನೆಯವರೆಗೂ ಔಷಧ ಅಥವಾ ಪ್ಲಸೀಬೊ ಮುಂದುವರಿಸಿದವರು ಶೇ. 81ರಷ್ಟು, ಟ್ರಯಲ್ ಮುಗಿಸಿದವರು ಶೇ. 94ರಷ್ಟು. ಇಂಜೆಕ್ಷನ್ ಬಿಟ್ಟಮೇಲೂ ಎಷ್ಟೋ ಜನ ಬಂದು ಯಂತ್ರದ ಮೇಲೆ ನಿಂತಿದ್ದಾರೆ. ಅವರನ್ನು ಬರುವಂತೆ ಮಾಡಿದ್ದು ನನ್ನಂಥ ಯಾರೋ ಕೋಆರ್ಡಿನೇಟರುಗಳು. ಔಷಧ ಬಿಟ್ಟವರನ್ನೂ ಸೇರಿಸಿ ಬಂದದ್ದೇ ಆ 14.9. ಎಲ್ಲರೂ ಬಿಡದೆ ತೆಗೆದುಕೊಂಡಿದ್ದರೆ ಎಂದು ಲೆಕ್ಕ ಹಾಕಿದಾಗ ಅದು 16.9. ಆಸ್ಪತ್ರೆಗೆ ಬರುವ ಸಾಮಾನ್ಯ ಜನರ ಬದುಕಿಗೆ ಹತ್ತಿರವಾದದ್ದು ಮೊದಲನೆಯ ಅಂಕಿ. ಇವರೆಲ್ಲ ಬಾರದೆ ಹೋಗಿದ್ದರೆ ಅದನ್ನು ಹೇಳಲು ಊಹೆಯ ಮೊರೆ ಹೋಗಬೇಕಾಗುತ್ತಿತ್ತು.

"ನನಗೆ ಕೊಡ್ತಿರೋದು ನೀರು" ಎಂಬ ಮಾತಿಗೂ ಅಲ್ಲೇ ಉತ್ತರ ಸಿಕ್ಕಿತು. ಪ್ಲಸೀಬೊ ಪಡೆದವರಲ್ಲೂ ಶೇ. 31.5 ಜನ ಕನಿಷ್ಠ ಶೇ. 5ರಷ್ಟು ತೂಕ ಇಳಿಸಿಕೊಂಡಿದ್ದರು. ಔಷಧ ಪಡೆದವರಲ್ಲಿ ಅಷ್ಟು ಇಳಿದವರು ಶೇ. 86.4. ಅಂದರೆ ನಿಜವಾದ ಔಷಧ ತೆಗೆದುಕೊಂಡ ಪ್ರತಿ ಏಳು ಜನರಲ್ಲಿ ಒಬ್ಬರಿಗೆ ಅಷ್ಟೂ ಇಳಿದಿರಲಿಲ್ಲ. ಯಂತ್ರದ ಅಂಕಿ ನೋಡಿ ಯಾರಿಗೆ ಏನು ಸಿಕ್ಕಿದೆ ಎಂದು ಹೇಳಲು ಆ ಹುಡುಗನಿಗೂ ಆಗದು, ಆ ಅಮ್ಮನಿಗೂ ಆಗದು, ನನಗೂ ಆಗದು. ನಾನು "ಭೇಷ್" ಅಂದದ್ದರಿಂದ ಮಾತ್ರ ಮೂವರೂ ಗೊತ್ತಿದೆ ಎಂಬಂತೆ ನಡೆದುಕೊಳ್ಳತೊಡಗಿದ್ದೆವು.

ಹೊಗಳಿಕೆಯ ಇನ್ನೊಂದು ಪೆಟ್ಟು ತಡವಾಗಿ ತಿಳಿಯಿತು. ಈ ಔಷಧಗಳ ಡೋಸನ್ನು ಹಂತಹಂತವಾಗಿ ಏರಿಸುತ್ತಾರೆ. ಸೆಮಾಗ್ಲುಟೈಡ್ ಆದರೆ 0.25 ಮಿಲಿಗ್ರಾಂನಿಂದ ಶುರುಮಾಡಿ, ನಾಲ್ಕು ವಾರಕ್ಕೊಮ್ಮೆ ಏರಿಸಿ, ಹದಿನಾರು ವಾರ ಕಳೆದಮೇಲೆ 2.4ಕ್ಕೆ ಮುಟ್ಟಿಸುವುದು. ಓಕರಿಕೆ, ವಾಂತಿ, ಭೇದಿ ಹೆಚ್ಚು ಕಾಡುವುದು ಈ ಏರಿಕೆಯ ವಾರಗಳಲ್ಲೇ. ಅದೇ ಹುಡುಗ ಎರಡು ವಾರ ವಾಂತಿ ಮಾಡಿಕೊಂಡದ್ದನ್ನು ಡೈರಿಯಲ್ಲಿ ಬರೆದೇ ಇರಲಿಲ್ಲ. ಯಾಕಪ್ಪ ಅಂದರೆ, "ನೀವು ಅಷ್ಟು ಖುಷಿಪಟ್ರಿ, ಹೇಳಿದ್ರೆ ಡೋಸ್ ಕಮ್ಮಿ ಮಾಡ್ತೀರೇನೋ ಅಂತ ಹೇಳ್ಲಿಲ್ಲ" ಅಂದ. ಎದೆ ಧಸಕ್ಕೆಂದಿತು. ವೇಗವಾಗಿ ತೂಕ ಇಳಿಯುವವರಲ್ಲಿ ಪಿತ್ತಕೋಶದ ಕಲ್ಲಿನ ಅಪಾಯ ಹೆಚ್ಚು. ವಾಂತಿ, ಹೊಟ್ಟೆನೋವು ಅಂದರೆ ನಾವು ಕಿವಿ ನಿಮಿರಿಸಿ ಕೇಳಬೇಕು. ರಿಮೊನಬಾಂಟ್ ಯುರೋಪಿನಲ್ಲಿ 2006ರಲ್ಲಿ ಮಾರುಕಟ್ಟೆಗೆ ಬಂದು, ಖಿನ್ನತೆಯಂಥ ಮಾನಸಿಕ ತೊಂದರೆಗಳ ಕಾರಣಕ್ಕೆ 2008ರಲ್ಲಿ ಹಿಂದೆ ಸರಿಯಿತು. ಬೊಜ್ಜಿನ ಔಷಧಗಳ ಚರಿತ್ರೆಯಲ್ಲಿ ಹೀಗೆ ತಡವಾಗಿ ಗೊತ್ತಾದ ತೊಂದರೆಗಳು ಇನ್ನೂ ಇವೆ. ಹಾಗಿರುವಾಗ ನನ್ನನ್ನು ಮೆಚ್ಚಿಸಲು ಒಬ್ಬ ವಾಂತಿಯನ್ನು ಮುಚ್ಚಿಡುವುದೆಂದರೆ!

ಈಗ ಯಂತ್ರದ ಪರದೆ ನನ್ನ ಕಡೆಗೆ ಮಾತ್ರ ತಿರುಗಿದೆ. ಬಾಗಿಲು ಹಾಕಿರುತ್ತೇನೆ. ತೂಕ ಕೇಳಿದರೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ, ಆದರೆ ಇಳಿದರೂ ಏರಿದರೂ ಒಂದೇ ದನಿ, ಒಂದೇ ಮಾತು: "ಬಂದಿದ್ದು ಒಳ್ಳೇದಾಯ್ತು." ಅದು ಮನಸ್ಸಿನಿಂದ ಬರುವ ಮಾತೇ. ನಮ್ಮಲ್ಲಿಗೆ ಬರುವ ಹೊತ್ತಿಗೆ ಈ ಜನ ತೂಕದ ವಿಷಯಕ್ಕೆ ವರ್ಷಗಟ್ಟಲೆ ಎಲ್ಲರಿಂದಲೂ ಮಾತು ಅನ್ನಿಸಿಕೊಂಡು ಬಂದಿರುತ್ತಾರೆ. ನಮ್ಮ ಕೋಣೆಯಾದರೂ ಬೇರೆ ಥರ ಇರಲಿ ಅಂತ ನನಗೆ ಆಸೆ. ಕನ್ಸೆಂಟ್ ದಿನವೇ ಇನ್ನೊಂದನ್ನೂ ಬಿಡಿಸಿ ಹೇಳುತ್ತೇನೆ: ಇಂಜೆಕ್ಷನ್ ಬೇಡ ಅನ್ನಿಸಿದರೆ ಬಿಡಿ, ಆದರೂ ವಿಸಿಟ್‌ಗೆ ಬರಬಹುದು, ತೂಕ ಏರಿದ್ದರೂ ಅದು ನಮಗೆ ಬೇಕಾದ ಉತ್ತರವೇ.

ಬರುವುದು ನಿಲ್ಲಿಸಿದ್ದ ಆ ಅಮ್ಮನಿಗೆ ನಾನು ಮತ್ತೊಂದೇ ಸಲ ಫೋನ್ ಮಾಡಿದೆ. ಆವತ್ತು ನಾನು ಹಾಗೆ ಮಾತಾಡಬಾರದಿತ್ತು, ತಪ್ಪಾಯಿತು ಅಂದೆ. ಇಂಜೆಕ್ಷನ್ ಬೇಡ, ತೂಕ ಕೊಡಲು ಮನಸ್ಸಿದ್ದರೆ ಮಾತ್ರ ಬನ್ನಿ, ಬರದಿದ್ದರೂ ಬೇಜಾರಿಲ್ಲ ಅಂದೆ. ಯೋಚನೆ ಮಾಡಿ ಹೇಳುತ್ತೇನೆ ಅಂದವರು, ಮೂರು ವಾರ ಬಿಟ್ಟು ಬಂದರು. ಆಮೇಲೆ ಒಂದು ವಿಸಿಟ್ಟೂ ತಪ್ಪಿಸಲಿಲ್ಲ.

ಕೊನೆಯ ದಿನ ಯಂತ್ರದಿಂದ ಇಳಿದು, ಎಷ್ಟಿದೆ ಎಂದು ಕೇಳದೆ, "ಮುಂದಿನ ತಾರೀಖು ಯಾವತ್ತು ಸಿಸ್ಟರ್?" ಅಂದರು. ಇದೇ ಕೊನೆಯದಮ್ಮ ಅಂದಾಗ ಸ್ವಲ್ಪ ಹೊತ್ತು ಅಲ್ಲೇ ಕುರ್ಚಿಯಲ್ಲಿ ಕೂತರು. ಅವರಿಗೆ ಹೋಗಿದ್ದು ಔಷಧವೋ ನೀರೋ ನನಗಿನ್ನೂ ಗೊತ್ತಿಲ್ಲ. ಎಲ್ಲ ಅಂಕಿಗಳೂ ಸೇರಿ ಡೇಟಾಬೇಸ್ ಲಾಕ್ ಆಗಿ, ಯಾರಿಗೆ ಯಾವುದು ಎಂಬ ಕೋಡ್ ಬಿಚ್ಚುವವರೆಗೆ ಗೊತ್ತಾಗುವುದೂ ಇಲ್ಲ. ಅವರ ಸಾಲಿನಲ್ಲಿ ಒಂದೇ ಒಂದು ಖಾನೆ ಖಾಲಿ ಇದೆ.