ಆನ್ಯೊ ನುವೆವೊ: ಸೀಲ್‌ಗಳ ಬಾಣಂತನ ನೋಡಲು ಹೋಗುವವರಿಗೆ

ತಂಗಿಯ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದಿದ್ದ ಅಮ್ಮನಿಗೆ ಫೆಬ್ರವರಿಯಲ್ಲಿ ಒಂದು ದಿನ ರಜೆ ಕೊಡಿಸಿ ಆನ್ಯೊ ನುವೆವೊ ಸ್ಟೇಟ್ ಪಾರ್ಕಿಗೆ ಕರೆದುಕೊಂಡು ಹೋದೆ. ಎಲಿಫೆಂಟ್ ಸೀಲ್ ಎಂಬ ಭಾರೀ ಗಾತ್ರದ ಕಡಲ ಪ್ರಾಣಿಗಳು ಚಳಿಗಾಲದಲ್ಲಿ ದಡಕ್ಕೆ ಬಂದು ಮರಿ ಹಾಕುವ ಜಾಗ ಅದು. ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಸುಮಾರು 55 ಮೈಲಿ, ಹೈವೇ 1ರ ಪಕ್ಕದಲ್ಲೇ ಇದೆ. ಸ್ಯಾಂಟಾ ಕ್ರೂಸ್‌ನಿಂದಾದರೆ 20 ಮೈಲಿ ಅಷ್ಟೆ. ನಾವು ಆ ಕಡೆಯಿಂದಲೇ ಹೋದೆವು. ಹೈವೇ 17ರ ತಿರುವುಗಳಲ್ಲಿ ಅಮ್ಮನಿಗೆ ಹೊಟ್ಟೆ ತೊಳಸಿತು. ಕಾರಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಬುಕಿಂಗ್. ಹಿಂದಿನ ವರ್ಷ ನಾನು ಸುಮ್ನೆ ಕಾರು ಹತ್ತಿ ಹೋಗಿ, ಸೀಲ್ ಇರಲಿ, ಅದರ ಬಾಲವನ್ನೂ ಕಾಣದೆ ವಾಪಸ್ ಬಂದಿದ್ದೆ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಎಲಿಫೆಂಟ್ ಸೀಲ್‌ಗಳಿರುವ ಕಡೆಗೆ ಗೈಡ್ ಜೊತೆಗೆ ಮಾತ್ರ ಬಿಡುತ್ತಾರೆ. ಶನಿವಾರ, ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತವೆ. ರಜೆ ಸಿಗುವುದಾದರೆ ವಾರದ ಮಧ್ಯೆ ಹೋಗಿ. ಫೋನಿನ ಸಿಗ್ನಲ್ ನಂಬಬೇಡಿ, ಟಿಕೆಟ್ ಮೊದಲೇ ಸೇವ್ ಮಾಡಿಕೊಳ್ಳಿ.

ನಡಿಗೆ ಮೂರು ಮೈಲಿಗೆ ಕಡಿಮೆಯಿಲ್ಲ, ಎರಡೂವರೆ ಗಂಟೆ ಹಿಡಿಯುತ್ತದೆ. ಕೊನೆಯ ಭಾಗ ಪೂರ್ತಿ ಮರಳು. ಸೀರೆ, ಚಪ್ಪಲಿ ಬೇಡ ಎಂದು ಅಮ್ಮನನ್ನು ಒಪ್ಪಿಸುವುದರಲ್ಲೇ ನನ್ನ ಅರ್ಧ ಬೆಳಗು ಹೋಯಿತು. ಗಾಳಿ ಅಂದರೆ ಗಾಳಿ! ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಮಂಡಿನೋವು ಜಾಸ್ತಿ ಇರುವವರಿಗೆ, ಗಾಲಿಕುರ್ಚಿಯವರಿಗೆ ಹಲಗೆ ಹಾಸಿದ ಬೇರೆ ದಾರಿಯ ವ್ಯವಸ್ಥೆ ಇದೆ. ಅದನ್ನೂ ಮೊದಲೇ ಕೇಳಿ ಗೊತ್ತು ಮಾಡಿಕೊಳ್ಳಬೇಕು.

ಮರಳದಿಬ್ಬ ಹತ್ತಿ ಇಳಿದರೆ, ಅಗೋ, ಬಿದ್ದಿವೆ! "ಕೆರೆಯಲ್ಲಿ ಎಮ್ಮೆ ಬಿದ್ದ ಹಾಗಿದೆಯಲ್ಲೋ" ಎಂದಳು ಅಮ್ಮ. ದೊಡ್ಡ ಗಂಡು ಎರಡು ಟನ್ ದಾಟುತ್ತದೆ. ಅದು ಸೊಂಡಿಲಿನಂಥ ಮೂಗೆತ್ತಿ ಗುಟುರು ಹಾಕಿದರೆ, ಹಳೇ ಬುಲೆಟ್ ಬೈಕ್ ದೂರದಲ್ಲೆಲ್ಲೋ ಸ್ಟಾರ್ಟ್ ಆದಂತೆ ಕೇಳಿಸುತ್ತದೆ. ತಾಯಿ ಸುಮಾರು ನಾಲ್ಕು ವಾರ ಮರಿಗೆ ಹಾಲುಣಿಸುತ್ತದೆ, ಅಷ್ಟು ದಿನವೂ ತಾನು ಏನೂ ತಿನ್ನುವುದಿಲ್ಲ. ಇದನ್ನು ಕೇಳಿ ಅಮ್ಮನಿಗೆ ತಡೆಯಲಾಗಲಿಲ್ಲ. "ಬಾಣಂತಿ ಒಂದು ತಿಂಗಳು ಉಪವಾಸ ಇರೋದಾ? ಗೈಡನ್ನ ಇನ್ನೊಂದ್ಸಲ ಕೇಳು." ಕೇಳಿದೆ. ಉತ್ತರ ಅದೇ.

ಹತ್ತೊಂಬತ್ತನೇ ಶತಮಾನದಲ್ಲಿ ಎಣ್ಣೆಗಾಗಿ ಕೊಂದೂ ಕೊಂದೂ, ಮೆಕ್ಸಿಕೊದ ಗ್ವಾಡಲೂಪೆ ದ್ವೀಪದಲ್ಲಿ ಇವು ಬೆರಳೆಣಿಕೆಯಷ್ಟೇ ಉಳಿದಿದ್ದವು. ಇಲ್ಲಿ ದಡದಿಂದ ಅರ್ಧ ಮೈಲಿ ದೂರದಲ್ಲಿ ಕಾಣುವ ಪುಟ್ಟ ದ್ವೀಪಕ್ಕೆ ಅವು 1955ರಲ್ಲಿ ಮರಳಿ ಬಂದವು. 1961ರಲ್ಲಿ ಅಲ್ಲೇ ಮೊದಲ ಮರಿ ಹುಟ್ಟಿತು. ದ್ವೀಪದ ಒಡೆತನ ರಾಜ್ಯ ಸರ್ಕಾರದ ಪಾರ್ಕ್ ಇಲಾಖೆಯದು. ಅದನ್ನು ನೋಡಿಕೊಳ್ಳುವುದು ಸ್ಯಾಂಟಾ ಕ್ರೂಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅಲ್ಲಿಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ದ್ವೀಪದ ಮೇಲೆ 1948ರಲ್ಲಿ ಮುಚ್ಚಿದ ದೀಪಸ್ತಂಭದ ಕಾವಲುಗಾರರ ಮನೆಯೊಳಗೆ ಈಗ ಸೀಲ್‌ಗಳ ನೆಂಟರಾದ ಸೀ ಲಯನ್‌ಗಳ ಸಂಸಾರ! ಬೈನಾಕ್ಯುಲರ್ ತನ್ನಿ, ಕಾಣಿಸುತ್ತದೆ.

ದಡದಲ್ಲಿ ಕೆಲವು ಸೀಲ್‌ಗಳ ಮೈಮೇಲೆ ಅಕ್ಷರ, ನಂಬರ್ ಕಂಡರೆ ಗಾಬರಿಯಾಗಬೇಡಿ. ಅದು ತಲೆಗೂದಲಿಗೆ ಹಚ್ಚುವಂಥ ಡೈ. ವಿಶ್ವವಿದ್ಯಾಲಯದವರು 1968ರಿಂದ ಇಲ್ಲಿ ಈ ಪ್ರಾಣಿಗಳನ್ನು ಅಧ್ಯಯನ ಮಾಡುತ್ತಿದ್ದಾರೆ. ಗುರುತು ಹಾಕಿದರೆ ಯಾವುದು ಯಾವುದೆಂದು ದೂರದಿಂದಲೇ ಗೊತ್ತಾಗುತ್ತದೆ. ದ್ವೀಪಕ್ಕೆ ಬಿಡಲಿಲ್ಲವೆಂದು ನಮ್ಮ ಗುಂಪಿನಲ್ಲಿ ಒಬ್ಬರು ಗೊಣಗಿದರು. ಅಲ್ಲ, ಟಿಕೆಟ್ ತೆಗೆದುಕೊಂಡ ಮಾತ್ರಕ್ಕೆ ಬಾಣಂತಿ ಕೋಣೆಗೆ ನುಗ್ಗೋಕಾಗುತ್ತಾ?

ಮಾರ್ಚ್‌ನಲ್ಲಿ ಹೋದರೆ ತಾಯಿ ಬಿಟ್ಟುಹೋದ ದುಂಡು ಮರಿಗಳು ತಾವೇ ಈಜು ಕಲಿಯುವುದನ್ನು ನೋಡಬಹುದು. ಗಂಡುಗಳ ಕಾದಾಟ ನೋಡಬೇಕಿದ್ದರೆ ಜನವರಿಯೇ ಸರಿ. ಪುಳಿಯೋಗರೆ ಡಬ್ಬಿ ಕಾರಲ್ಲೇ ಇರಲಿ. ವಾಪಸ್ ಬಂದ ಮೇಲೆ ಪಾರ್ಕಿಂಗ್ ಹತ್ತಿರದ ಟೇಬಲ್‌ನಲ್ಲಿ ಬಿಚ್ಚಿ. ನಾವು ಹಾಗೇ ಮಾಡಿದೆವು. ಅಮ್ಮ ಮಾತ್ರ ಮೊದಲ ತುತ್ತಿಗೂ ಮುಂಚೆ ತಂಗಿಗೆ ಫೋನ್ ಹಚ್ಚಲು ನೋಡಿದಳು, ಊಟ ಮಾಡಿದಳೋ ಇಲ್ಲವೋ ಅಂತ.